ಮನೆಹೊಲಿಗೆಯ ಮಕ್ಕಳ ಉಡುಪು: ಹಿಂದೂಪುರ, ಕಲ್ಯಾಣದುರ್ಗ ಸೀಮೆ

ಹುಟ್ಟಿದಂದಿನಿಂದ ಸುಮಾರು ಐದು ವರ್ಷದವರೆಗಿನ ಮಕ್ಕಳಿಗಾಗಿ, ಮನೆಯಲ್ಲಿರುವ ಹಳೆಯ ಬಟ್ಟೆಯಿಂದಲೋ ಅಂಗಡಿಯ ಅಗ್ಗದ ತುಂಡುಬಟ್ಟೆಯಿಂದಲೋ ಮನೆಯ ಹೆಂಗಸರು ಇಲ್ಲವೆ ನೆರೆಯ ದರ್ಜಿಗಳು ಹೊಲಿಯುವ ಉಡುಪುಗಳು. ಕುಲಾವಿ, ಕುಂಚಿಗೆ, ಜುಬಲ, ಚಡ್ಡಿ, ಲಂಗ, ಗೌನು ಇವುಗಳಲ್ಲಿ ಮುಖ್ಯವಾದವು. ಕರ್ನಾಟಕದ ಹಳ್ಳಿಪಟ್ಟಣಗಳಲ್ಲೆಲ್ಲ ರೂಢಿಯಲ್ಲಿರುವ ಈ ಕೆಲಸ ಆಂಧ್ರಪ್ರದೇಶದ ಗಡಿಯಲ್ಲಿ, ಕನ್ನಡ ತೆಲುಗು ಎರಡೂ ಬೆರೆತಿರುವ ಹಿಂದೂಪುರ, ಮಡಕಶಿರ, ಕಲ್ಯಾಣದುರ್ಗ, ರಾಯದುರ್ಗ ಸೀಮೆಯಲ್ಲಿ ಅಲ್ಲಿನ ಹವೆ, ನೇಯ್ಗೆ ಮತ್ತು ಸಂತೆಗಳಿಗೆ ಹೊಂದಿಕೊಂಡು ಬೆಳೆದಿದೆ.

ಪ್ರದೇಶ ಮತ್ತು ಹಿನ್ನೆಲೆ

ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು 1882ರಲ್ಲಿ ರೂಪುಗೊಂಡ ಅನಂತಪುರ ಜಿಲ್ಲೆಯಲ್ಲಿ ಈ ಸೀಮೆಯ ಹೆಚ್ಚಿನ ಭಾಗ ಬಹುಕಾಲ ಒಂದಾಗಿತ್ತು. ಬಳ್ಳಾರಿಯ ಭಾಗವಾಗಿದ್ದ ರಾಯದುರ್ಗ 1953ರಲ್ಲಿ ಆಂಧ್ರಕ್ಕೆ ಸೇರಿತು, 2022ರ ಏಪ್ರಿಲಿನಲ್ಲಿ ಹಿಂದೂಪುರ ಮತ್ತು ಮಡಕಶಿರಗಳು ಹೊಸದಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದವು, ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ಆಡಳಿತದ ಗೆರೆಗಳು ಹೀಗೆ ಬದಲಾದರೂ ಹಿಂದೂಪುರದವರಿಗೆ ಗೌರಿಬಿದನೂರು, ಕಲ್ಯಾಣದುರ್ಗದವರಿಗೆ ಪಾವಗಡ ಮತ್ತು ಚಳ್ಳಕೆರೆ ಕೊಡುಕೊಳೆಯ, ನೆಂಟಸ್ತಿಕೆಯ ಊರುಗಳಾಗಿಯೇ ಇವೆ. ಮಳೆ ಕಡಿಮೆಯಾದ, ಬೇಸಗೆಯಲ್ಲಿ ಬಿಸಿಲು ಕಡುವಾದ ಈ ನಾಡಿನಲ್ಲಿ ಕೂಸಿನ ಮೈಗೆ ಬೆವರು ಹೀರುವ ತೆಳು ಹತ್ತಿಬಟ್ಟೆಯೇ ತಕ್ಕದ್ದು. ಮಾಗಿಯ ಚಳಿಗೆ ತಲೆ ಕಿವಿ ಮುಚ್ಚುವ ಕುಂಚಿಗೆಯೂ, ಹಳೆ ಸೀರೆಗಳನ್ನು ಪದರಪದರವಾಗಿ ಹಾಸಿ ಹೊಲಿದ ಬೊಂತೆಯೂ ಬೇಕಾಗುತ್ತವೆ. ಉತ್ತರ ಕರ್ನಾಟಕದಲ್ಲಿ ಕೌದಿ ಎನಿಸಿಕೊಳ್ಳುವ ಹೊದಿಕೆಯೇ ಈ ಬೊಂತೆ.

ಹೊಲಿದ ಉಡುಪು ಈ ಸೀಮೆಗೆ ಹೊಸತಲ್ಲ. ಹಿಂದೂಪುರಕ್ಕೆ ಸುಮಾರು 15 ಕಿ.ಮೀ. ದೂರದ ಲೇಪಾಕ್ಷಿಯ ವೀರಭದ್ರ ದೇವಾಲಯದ 16ನೆಯ ಶತಮಾನದ ಚಾವಣಿ ಚಿತ್ರಗಳಲ್ಲಿ ಅಂಚುಳ್ಳ ಸೀರೆಗಳ ಜೊತೆಗೆ ಗಂಡಸರ ಎತ್ತರದ ಕುಲಾವಿಗಳೂ ಕಾಣುತ್ತವೆ. ಊರೂರುಗಳಲ್ಲಿ ಹೊಲಿಗೆಯನ್ನೇ ಕುಲಕಸುಬಾಗಿ ಉಳ್ಳ ಚಿಪ್ಪಿಗರು, ಸಿಂಪಿಗರು ದೊಡ್ಡವರ ಅಂಗಿ ರವಿಕೆಗಳನ್ನು ಹೊಲಿದುಕೊಡುತ್ತಿದ್ದರೆ, ಕೂಸಿನ ಬಟ್ಟೆ ಮಾತ್ರ ಸೂಜಿದಾರ ಹಿಡಿದ ಅಜ್ಜಿ, ತಾಯಿಯರ ಪಾಲಿನ ಕೆಲಸವಾಗಿತ್ತು. ಅಮೆರಿಕದಲ್ಲಿ ಎಲಿಯಾಸ್ ಹೋವ್ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ಹಕ್ಕುಪತ್ರ ಪಡೆದ ಹೊಲಿಗೆಯಂತ್ರ 19ನೆಯ ಶತಮಾನದ ಕೊನೆಯ ಹೊತ್ತಿಗೆ ಭಾರತದ ಪಟ್ಟಣಗಳಿಗೆ ಬಂದಿತು. ಯಂತ್ರಗಳ ಬಗೆಗೆ ಕಟುವಾಗಿದ್ದ ಗಾಂಧೀಜಿ ಕೂಡ ಸಿಂಗರ್ ಹೊಲಿಗೆಯಂತ್ರಕ್ಕೆ ವಿನಾಯಿತಿ ಕೊಟ್ಟು, ಅದನ್ನು ಉಪಯುಕ್ತವಾದ ಕೆಲವೇ ಯಂತ್ರಗಳಲ್ಲಿ ಒಂದೆಂದು 1924ರಲ್ಲಿ ಹೇಳಿದ್ದರು. ಕಲ್ಕತ್ತೆಯಲ್ಲಿ 1930ರ ದಶಕದಲ್ಲಿ ತಯಾರಾಗತೊಡಗಿದ ಉಷಾ ಯಂತ್ರದಿಂದಾಗಿ ಕಾಲಿನಿಂದ ತುಳಿಯುವ ಮಿಷನ್ನು ಮುಂದಿನ ದಶಕಗಳಲ್ಲಿ ಮಧ್ಯಮವರ್ಗದ ಮನೆಗಳನ್ನು ಹೊಕ್ಕಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಟ್ಟೆಯ ಅಭಾವ ಹೆಚ್ಚಿ, 1943ರಲ್ಲಿ ಹತ್ತಿಬಟ್ಟೆ ಮತ್ತು ನೂಲಿನ ನಿಯಂತ್ರಣದ ಆಜ್ಞೆ ಬಂದಾಗ ಹಳೆಯದನ್ನು ಬಿಚ್ಚಿ ಹೊಸದಾಗಿ ಹೊಲಿಯುವುದು ಅನಿವಾರ್ಯವಾಯಿತು. ಅದೇ ವರುಷಗಳಲ್ಲಿ ಬ್ರಿಟನ್ನಿನ ಸರಕಾರವೂ ಇದ್ದುದನ್ನೇ ರಿಪೇರಿ ಮಾಡಿ ತೊಡಿರೆಂದು ಪ್ರಚಾರ ನಡೆಸುತ್ತಿತ್ತು.

ಬಟ್ಟೆಯ ಮೂಲ

ಎಳೆಗೂಸಿಗೆ ಮೊದಲ ದಿನಗಳಲ್ಲಿ ಹೊಸ ಬಟ್ಟೆ ತೊಡಿಸದೆ, ಮನೆಯ ಹಿರಿಯರು ಉಟ್ಟು ಮೆದುವಾದ ಪಂಚೆ ಸೀರೆಗಳ ತುಂಡನ್ನು ಬಳಸುವ ರೂಢಿ ಅನೇಕ ಮನೆಗಳಲ್ಲಿದೆ. ಇದರಿಂದ ಹಿರಿಯರ ಆಯುಸ್ಸು ಕೂಸಿಗೂ ಬರುತ್ತದೆ ಎಂಬುದು ನಂಬಿಕೆಯಾದರೆ, ಹತ್ತಾರು ಸಲ ಒಗೆದ ಹತ್ತಿಬಟ್ಟೆಯಲ್ಲಿ ಗಂಜಿ ಮತ್ತು ಬಿಡುವ ಬಣ್ಣ ಉಳಿದಿರುವುದಿಲ್ಲ, ನೂಲು ಚರ್ಮವನ್ನು ತರಚುವುದಿಲ್ಲ ಎಂಬುದು ವ್ಯವಹಾರದ ಕಾರಣ. ಹಳೆ ಸೀರೆಯ ಎಲ್ಲ ಭಾಗವೂ ಒಂದೇ ಪ್ರಮಾಣದಲ್ಲಿ ಸವೆಯುವುದಿಲ್ಲ; ನೆರಿಗೆಯ ಕೆಳಭಾಗ ಮತ್ತು ಕೂರುವ ಕಡೆ ಮೊದಲು ಹರಿಯುತ್ತವೆ, ಸೆರಗಿನ ಹತ್ತಿರದ ಭಾಗವೂ ಒಳಸುತ್ತಿನ ಭಾಗವೂ ಗಟ್ಟಿಯಾಗಿರುತ್ತವೆ. ಆದ್ದರಿಂದ ಬಟ್ಟೆಯನ್ನು ಬೆಳಕಿಗೆ ಹಿಡಿದು, ನೂಲು ಜಾಳಾದ ಕಡೆಯನ್ನು ಬಿಟ್ಟು ಕತ್ತರಿಸುತ್ತಾರೆ. ಅಡ್ಡಗಲ, ಅಂದರೆ ಪನ್ನ, 110 ಸೆಂ.ಮೀ. ಇರುವ ಸೀರೆಯಲ್ಲಿ 3 ಮೀಟರು ಗಟ್ಟಿ ಬಟ್ಟೆ ಉಳಿದಿದ್ದರೆ, 40 ಸೆಂ.ಮೀ.ಗೆ ಒಂದರಂತೆ ಏಳು ಜುಬಲಗಳಾಗುತ್ತವೆ.

ಹಬ್ಬದ ಉಡುಪಿಗೆ ರೇಷ್ಮೆಸೀರೆಯೂ ಮರುಬಳಕೆಗೆ ಬರುತ್ತದೆ. ಹಿಂದೂಪುರ ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾಗಿದ್ದು, ಧರ್ಮಾವರ ಮತ್ತು ಮೊಳಕಾಲ್ಮೂರಿನ ಮಗ್ಗಗಳು ಹತ್ತಿರದಲ್ಲೇ ಇರುವುದರಿಂದ ಮದುವೆಯ ರೇಷ್ಮೆಸೀರೆ ಈ ಭಾಗದ ಬಹಳಷ್ಟು ಮನೆಗಳಲ್ಲಿರುತ್ತದೆ. ಮಡಿಕೆಯಲ್ಲಿ ಸೀಳಿದ ಸೀರೆಯ ಜರಿಯಂಚು ಮತ್ತು ಸೆರಗಿನಿಂದ ಹೆಣ್ಣುಮಕ್ಕಳ ಲಂಗ ರವಿಕೆಯನ್ನು ಹೊಲಿಸುತ್ತಾರೆ. ಮೂರನೆಯ ಮೂಲ ತುಂಡುಬಟ್ಟೆ, ಅಂದರೆ ಥಾನಿನ ಕೊನೆಯಲ್ಲಿ ಉಳಿದು ಕಡಿಮೆ ಬೆಲೆಗೆ ಮಾರಾಟವಾಗುವ ಕಟ್‌ಪೀಸು. ರಾಯದುರ್ಗ, ಬಳ್ಳಾರಿಗಳಲ್ಲಿ ಜೀನ್ಸ್ ಹೊಲಿಯುವ ಗೃಹೋದ್ಯಮ ಬೆಳೆದಿದ್ದರೂ ಆ ಬಿರುಸಾದ ಬಟ್ಟೆಯ ಚೂರುಗಳು ಎಳೆಗೂಸಿಗೆ ಒಗ್ಗುವುದಿಲ್ಲ. ಮೂರು ವರ್ಷ ದಾಟಿದ ಮಕ್ಕಳ ಚಡ್ಡಿಗೂ ಚೀಲಕ್ಕೂ ಅವು ಸರಿಯಾಗುತ್ತವೆ.

ಮುಖ್ಯ ಉಡುಪುಗಳು

ಕುಂಚಿಗೆಯು ತಲೆ ಮತ್ತು ಬೆನ್ನನ್ನು ಒಟ್ಟಿಗೆ ಮುಚ್ಚುವ ಹೊದಿಕೆ. ಆಯತಾಕಾರದ ತುಂಡನ್ನು ಉದ್ದಕ್ಕೆ ಎರಡಾಗಿ ಮಡಿಸಿ ಮೇಲಿನ ಅಂಚನ್ನಷ್ಟೇ ಹೊಲಿದರೆ ತಲೆಯ ಭಾಗ ಸಿದ್ಧವಾಗುತ್ತದೆ, ಉಳಿದದ್ದು ಬೆನ್ನಿನ ಮೇಲೆ ಇಳಿಬೀಳುತ್ತದೆ. ಕತ್ತರಿಯಲ್ಲಿ ಒಂದು ಚೂರೂ ಪೋಲಾಗದ ಉಡುಪು ಇದು. ಕುಲಾವಿ ತಲೆಗಷ್ಟೇ ತೊಡಿಸುವ ಟೋಪಿ. ಜುಬಲವು ತೋಳು ಅಗಲವಾಗಿದ್ದು ಬೆನ್ನಿನ ಕಡೆ ತೆರೆದಿರುವ, ಗುಂಡಿಯ ಬದಲು ಬಟ್ಟೆಯ ಪಟ್ಟಿಯಿಂದ ಕಟ್ಟುವ ಸಡಿಲ ಅಂಗಿ. ಬೆನ್ನು ತೆರೆದಿರುವುದಕ್ಕೆ ಕಾರಣ ಕೂಸಿನ ಮೈಯ ಅಳತೆಯಲ್ಲಿದೆ: ಹುಟ್ಟಿದಾಗ ತಲೆಯೇ ಮೈಯುದ್ದದ ಕಾಲುಭಾಗದಷ್ಟಿರುತ್ತದೆ, ಒಂದು ವರ್ಷದ ಮಗುವಿನ ತಲೆಯ ಸುತ್ತಳತೆಯೂ ಎದೆಯ ಸುತ್ತಳತೆಯೂ ಸುಮಾರು 46 ಸೆಂ.ಮೀ. ಇರುತ್ತವೆ. ಕತ್ತಿನ ಸುತ್ತಳತೆ ಇದರ ಅರ್ಧದಷ್ಟು ಮಾತ್ರ ಇರುವುದರಿಂದ, ಕತ್ತಿಗೆ ಸರಿಯಾಗಿ ಕೊರೆದ ಅಂಗಿ ತಲೆಯಿಂದ ಇಳಿಯುವುದಿಲ್ಲ. ಕನಿಷ್ಠ 12 ಸೆಂ.ಮೀ. ಉದ್ದದ ಸೀಳು ಬಿಟ್ಟರೆ ಮಾತ್ರ ಸುಲಭವಾಗಿ ಇಳಿಯುತ್ತದೆ.

ಲಂಗ ಈ ಉಡುಪುಗಳಲ್ಲೆಲ್ಲ ಹೆಚ್ಚು ಬಾಳಿಕೆ ಬರುವಂಥದು. ಮೂರು ವರ್ಷದ ಮಗುವಿನ ಸೊಂಟ ಸುಮಾರು 50 ಸೆಂ.ಮೀ. ಇರುವುದರಿಂದ ಒಂದು ಪನ್ನದ ಬಟ್ಟೆಗೆ ನೆರಿಗೆ ಕೊಟ್ಟು ಸೊಂಟಪಟ್ಟಿಗೆ ಸೇರಿಸಿದರೆ ಸಾಕು, ಪಕ್ಕದಲ್ಲಿ ಕತ್ತರಿಸುವ ಅಗತ್ಯವೇ ಇಲ್ಲ.

ಬೆಳವಣಿಗೆಗೆ ಬಿಡುವ ಬಟ್ಟೆ

ಮಗು ಮೊದಲ ವರ್ಷದಲ್ಲಿ ಸುಮಾರು 25 ಸೆಂ.ಮೀ. ಬೆಳೆಯುತ್ತದೆ, ಎರಡನೆಯ ವರ್ಷದಲ್ಲಿ 12 ಸೆಂ.ಮೀ.ನಷ್ಟು, ಮೂರರಿಂದ ಐದರವರೆಗೆ ವರ್ಷಕ್ಕೆ ಆರೇಳು ಸೆಂ.ಮೀ. ಬೆಳೆಯುತ್ತದೆ. ಅಗ್ಗದ ಉಡುಪು ಹೊಲಿಯುವವರ ಜಾಣ್ಮೆಯೆಲ್ಲ ಈ ಲೆಕ್ಕವನ್ನು ಬಟ್ಟೆಯೊಳಗೆ ಅಡಗಿಸುವುದರಲ್ಲಿದೆ. ಲಂಗದ ಕೆಳಭಾಗದಲ್ಲಿ ಎರಡು ಅಡ್ಡ ಮಡಿಕೆಗಳನ್ನು ಹಿಡಿದು ದೊಡ್ಡ ಹೊಲಿಗೆ ಹಾಕಿದರೆ ಅವು ನೋಡಲು ಅಲಂಕಾರವಾಗಿಯೇ ಕಾಣುತ್ತವೆ; ಪ್ರತಿಯೊಂದು ಮಡಿಕೆಯಲ್ಲಿ 5 ಸೆಂ.ಮೀ. ಬಟ್ಟೆ ಅಡಗಿದ್ದು, ವರ್ಷಕ್ಕೊಂದನ್ನು ಬಿಚ್ಚಿದರೆ ಅದೇ ಲಂಗ ಮೂರು ವರ್ಷ ಬರುತ್ತದೆ. ರವಿಕೆ, ಅಂಗಿಗಳ ಪಕ್ಕದ ಹೊಲಿಗೆಯಲ್ಲಿ ಎರಡು ಬೆರಳಗಲ ಬಟ್ಟೆ ಒಳಗೆ ಬಿಡುವುದು, ಸೊಂಟಕ್ಕೆ ಹುಕ್ಕಿನ ಬದಲು ಲಾಡಿ ಅಥವಾ ಎಲಾಸ್ಟಿಕ್ ಹಾಕುವುದು, ತೋಳನ್ನು ಮಡಚಿ ಹೊಲಿಯುವುದು ಇದೇ ಉದ್ದೇಶದವು. ಮಡಿಕೆ ಬಿಚ್ಚಿದಾಗ ಒಳಗಿನ ಬಣ್ಣ ಹೊರಗಿನದಕ್ಕಿಂತ ಗಾಢವಾಗಿ ಕಾಣುವುದರಿಂದ ಆ ಗೆರೆಯ ಮೇಲೆ ರಿಬ್ಬನ್ನು ಅಥವಾ ಜರಿಪಟ್ಟಿ ಕೂರಿಸುತ್ತಾರೆ.

ಹೊಸ ಹತ್ತಿಬಟ್ಟೆಯಾದರೆ ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿ ಒಗೆದು ಒಣಗಿಸಬೇಕು, ಇಲ್ಲವಾದರೆ ಹೊಲಿದ ಮೇಲೆ ಕುಗ್ಗುತ್ತದೆ. ಒಳಹೊಲಿಗೆಯ ಕಚ್ಚಾ ಅಂಚು ಎಳೆಯ ಚರ್ಮಕ್ಕೆ ತಗಲದಂತೆ ಅಂಚನ್ನು ಎರಡು ಸಲ ಮಡಚಿ ಚಪ್ಪಟೆಯಾಗಿ ಹೊಲಿಯುತ್ತಾರೆ. ಕತ್ತು, ಕಂಕುಳಿನ ವಕ್ರ ಅಂಚುಗಳಿಗೆ ನೇರ ಪಟ್ಟಿ ಕೂರುವುದಿಲ್ಲವಾದ್ದರಿಂದ, ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಕತ್ತರಿಸಿ ತೆಗೆದ ಪಟ್ಟಿಯನ್ನು ಹಾಕಬೇಕು. ದರ್ಜಿಗಳು ಇದನ್ನು ಕ್ರಾಸ್ ಪೀಸ್ ಎನ್ನುತ್ತಾರೆ, ಇದು ಸ್ವಲ್ಪ ಹಿಗ್ಗುವುದರಿಂದ ಸುಕ್ಕಾಗದೆ ತಿರುಗುತ್ತದೆ.

ಸುರಕ್ಷತೆ

ಮಕ್ಕಳು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವುದರಿಂದ ಮೂರು ವರ್ಷದೊಳಗಿನವರ ಬಟ್ಟೆಗೆ ಸಣ್ಣ ಗುಂಡಿ, ಮಣಿ, ಚಮಕಿಗಳನ್ನು ಹಾಕಬಾರದು. ಪಿನ್ನು ಬಳಸದಿರುವುದೇ ಲೇಸು. ಕತ್ತಿನ ಲಾಡಿ ತೊಟ್ಟಿಲಿಗೋ ಬಾಗಿಲಿಗೋ ಸಿಕ್ಕಿ ಬಿಗಿಯುವ ಅಪಾಯವಿದೆ. ಯುರೋಪಿನ ಇಎನ್ 14682 ಎಂಬ ಮಾನಕವು ಏಳು ವರ್ಷದೊಳಗಿನ ಮಕ್ಕಳ ಉಡುಪಿನಲ್ಲಿ ಕತ್ತು ಮತ್ತು ತಲೆಹೊದಿಕೆಯ ಲಾಡಿಗಳನ್ನೇ ನಿಷೇಧಿಸಿದೆ. ಆದ್ದರಿಂದ ಜುಬಲದ ಕಟ್ಟುಪಟ್ಟಿಗಳು ಬೆನ್ನಿನ ನಡುವಿಗೆ ಬರುವಂತೆ ಗಿಡ್ಡವಾಗಿರಬೇಕು, ಕುಲಾವಿಯ ಪಟ್ಟಿಯನ್ನು ಮಗು ಮಲಗಿದಾಗ ಬಿಚ್ಚಬೇಕು. ಜರಿಯ ಒರಟು ಮೈಗೆ ತಗಲದಂತೆ ಲಂಗ ರವಿಕೆಗೆ ಹತ್ತಿಯ ಒಳಬಟ್ಟೆ ಅಗತ್ಯ. ನೈಲಾನ್, ಪಾಲಿಯೆಸ್ಟರಿನ ಗೌನುಗಳು ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುವುದರಿಂದ ದೀಪ, ಒಲೆಗಳ ಹತ್ತಿರ ಅಪಾಯಕರ.

ಆರ್ಥಿಕ ನೆಲೆ ಮತ್ತು ಇಂದಿನ ಸ್ಥಿತಿ

ಕಳೆದ ಕೆಲವು ದಶಕಗಳಲ್ಲಿ ಗೌರಿಬಿದನೂರು, ದೊಡ್ಡಬಳ್ಳಾಪುರ, ಹಿಂದೂಪುರಗಳ ಸುತ್ತ ಬೆಳೆದ ಗಾರ್ಮೆಂಟ್ ಕಾರ್ಖಾನೆಗಳು ಸುತ್ತಲಿನ ಹಳ್ಳಿಗಳ ಅನೇಕ ಹೆಂಗಸರಿಗೆ ಮಿಷನ್ನಿನ ಕೆಲಸ ಕಲಿಸಿದವು. ಅದೇ ವೇಳೆಗೆ ಸಂತೆಗೆ ಬಂದ ಅಗ್ಗದ ಸಿದ್ಧ ಉಡುಪು ಮನೆಹೊಲಿಗೆಯ ಜಾಗವನ್ನು ಕಿರಿದಾಗಿಸಿತು. 1982ರಲ್ಲಿ ಆರಂಭವಾದ, ಗ್ರಾಮೀಣ ಮಹಿಳೆಯರ ಮತ್ತು ಮಕ್ಕಳ ಅಭಿವೃದ್ಧಿಗಾಗಿನ ಡ್ವಾಕ್ರಾ ಯೋಜನೆ ಮತ್ತು ಅದರ ಹಿಂದೆಯೇ ಆಂಧ್ರದಲ್ಲಿ ಬಲವಾಗಿ ಬೆಳೆದ ಮಹಿಳಾ ಉಳಿತಾಯ ಸಂಘಗಳು ಹೊಲಿಗೆಯಂತ್ರ ಕೊಳ್ಳಲು ಸಾಲದ ದಾರಿ ತೆರೆದವು. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಸೇರಿದೆ. ಇವುಗಳಿಂದ ಹೊಲಿಗೆ ಹೊಟ್ಟೆಪಾಡಿನ ಕಸುಬಾಯಿತೇ ಹೊರತು ಕೂಸಿನ ಬಟ್ಟೆಯಿಂದ ಬರುವ ಕೂಲಿ ಹೆಚ್ಚಲಿಲ್ಲ. ಬಟ್ಟೆ ಕಡಿಮೆಯಾದರೂ ಚಿಕ್ಕ ತೋಳು, ಕಿರಿದಾದ ಕತ್ತುಪಟ್ಟಿಗಳ ಕೆಲಸ ದೊಡ್ಡವರ ರವಿಕೆಯಷ್ಟೇ ಸಮಯ ಬೇಡುವುದರಿಂದ ಅನೇಕ ದರ್ಜಿಗಳು ಅದನ್ನು ಒಪ್ಪಿಕೊಳ್ಳಲು ಹಿಂದೆಗೆಯುತ್ತಾರೆ.

ಹೊಸ ಬಟ್ಟೆ ಕೊಂಡು, ಕೂಲಿ ಕೊಟ್ಟು ಹೊಲಿಸಿದ ಮಕ್ಕಳ ಉಡುಪು ಸಂತೆಯ ಸಿದ್ಧ ಉಡುಪಿಗಿಂತ ಇಂದು ಅಗ್ಗವಾಗುವುದು ಅಪರೂಪ. ಬಟ್ಟೆ ಹಳೆಯದಾಗಿ, ಹೊಲಿಯುವ ಕೈ ಮನೆಯದ್ದೇ ಆಗಿ, ಬೆಳವಣಿಗೆಗೆ ಬಿಟ್ಟ ಮಡಿಕೆಯಿಂದ ಒಂದೇ ಉಡುಪು ಎರಡು ಮೂರು ವರ್ಷ ಬಂದಾಗ ಮಾತ್ರ ಅದು ನಿಜವಾಗಿ ಅಗ್ಗ. ಆ ಅಗ್ಗದಲ್ಲಿ ಮನೆಯ ಹೆಂಗಸಿನ ದುಡಿಮೆಗೆ ಬೆಲೆ ಕಟ್ಟಿರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈ ಕಾರಣದಿಂದಲೇ ದಿನಬಳಕೆಯ ಗೌನು, ಚಡ್ಡಿಗಳು ಬಹುಮಟ್ಟಿಗೆ ಅಂಗಡಿಗೆ ಸರಿದಿದ್ದು, ಮೊದಲ ತಿಂಗಳುಗಳ ಜುಬಲ, ಕುಂಚಿಗೆ, ಬೊಂತೆಗಳು ಮತ್ತು ಹಬ್ಬದ ಲಂಗ ರವಿಕೆ ಮನೆಹೊಲಿಗೆಯಲ್ಲಿ ಉಳಿದುಕೊಂಡಿವೆ.