ಹಸಿರು ಡಬ್ಬಿಯ ಕಂಪನಿ ಉಳಿದುಕೊಂಡದ್ದು ಹೇಗೆ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆ 1990ರ ದಶಕದ ಮದುವೆ ಆಲ್ಬಂ ಸಿಕ್ಕಿದ್ರೆ ಒಮ್ಮೆ ತಿರುವಿ ನೋಡಿ. ಆ ಫೋಟೊಗಳೆಲ್ಲ ರೀಲಿನಲ್ಲಿ ತೆಗೆದದ್ದು. ಒಂದು ರೀಲಿಗೆ 36 ಫೋಟೊ, ಮುಗೀತು. ಕೊಡಾಕ್ ರೀಲು ಹಳದಿ ಡಬ್ಬೀಲಿ ಬರ್ತಿತ್ತು, ಫೂಜಿ ರೀಲು ಹಸಿರು ಡಬ್ಬೀಲಿ. ಇವತ್ತಿನ ಕಂತು ಆ ಹಸಿರು ಡಬ್ಬಿ ಬಗ್ಗೆ.

ಫೂಜಿ ಫಿಲ್ಮ್ ಹುಟ್ಟಿದ್ದು 1934ರಲ್ಲಿ, ಜಪಾನಿನ ಒಂದು ಸೆಲ್ಯುಲಾಯ್ಡ್ ಕಂಪನಿಯ ಫಿಲ್ಮ್ ವಿಭಾಗ ಬೇರೆಯಾದಾಗ. ಸರಿಯಾಗಿ 50 ವರ್ಷಕ್ಕೆ, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಅದೇ ಅಧಿಕೃತ ಫಿಲ್ಮ್. ಅಂದ್ರೆ ಕೊಡಾಕ್‌ನ ಅಮೆರಿಕದಲ್ಲೇ!

ನಮ್ಮ ದೇಶನೂ ಸುಮ್ನೆ ಕೂತಿರಲಿಲ್ಲ. ಮೈಸೂರಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿದ್ರೆ ಸಿಗೋ ಊಟಿಯಲ್ಲಿ 1960ರಲ್ಲಿ ಸರ್ಕಾರ ‘ಹಿಂದೂಸ್ತಾನ್ ಫೋಟೊ ಫಿಲ್ಮ್ಸ್’ ಸ್ಥಾಪಿಸಿತು. ಫಿಲ್ಮ್ ಮಾಡೋಕೆ ದೂಳಿಲ್ಲದ ತಂಪು ಜಾಗ ಬೇಕಲ್ಲ, ಅದಕ್ಕೇ ಊಟಿ. 1967ರಲ್ಲಿ ಉತ್ಪಾದನೆ ಶುರು. ಬ್ರ್ಯಾಂಡ್ ಹೆಸರು ‘ಇಂದು’, ಅಂದ್ರೆ ಚಂದ್ರ. ಆದ್ರೆ ಇಂದು ಹೆಸರು ಮಾಡಿದ್ದು ಕಪ್ಪು-ಬಿಳುಪು ಫಿಲ್ಮ್, ಎಕ್ಸ್‌ರೇ ಫಿಲ್ಮ್‌ಗೆ. ಜನ ಕಲರ್ ಕಡೆ ಹೋದ್ರು, ಆಮದು ಸುಂಕ ಇಳೀತು, ಸಾಲ ಬೆಳೀತು. 1990ರ ದಶಕದಲ್ಲೇ ಅದು ‘ರೋಗಗ್ರಸ್ತ’ ಕಂಪನಿ ಆಯ್ತು.

ಫೂಜಿಗೂ ಏಟು ಬಿತ್ತು. 2000ದಲ್ಲಿ ಕಲರ್ ಫಿಲ್ಮ್ ಬೇಡಿಕೆ ತುತ್ತತುದಿಗೆ ಹೋಗಿ, ಹತ್ತೇ ವರ್ಷದಲ್ಲಿ ಹತ್ತನೇ ಒಂದು ಭಾಗಕ್ಕಿಂತ ಕೆಳಗೆ ಬಿತ್ತು. 2000ದ ಹೊತ್ತಿಗೆ ಫೂಜಿ ಲಾಭದ ಸುಮಾರು ಮೂರನೇ ಎರಡು ಭಾಗ ಫೋಟೊ ವ್ಯವಹಾರದಿಂದಲೇ ಬರ್ತಿತ್ತು.

ಮುಖ್ಯಸ್ಥ ಶಿಗೆಟಕ ಕೊಮೊರಿ ಕೇಳಿದ ಪ್ರಶ್ನೆ: ಫಿಲ್ಮ್ ಬಿಟ್ರೆ ನಮಗೆ ಇನ್ನೇನು ಬರುತ್ತೆ? ಫಿಲ್ಮ್‌ನಲ್ಲಿರೋ ಜೆಲಾಟಿನ್ ಬರೋದು ಕೊಲಾಜನ್‌ನಿಂದ, ನಮ್ಮ ಚರ್ಮದಲ್ಲೂ ಅದೇ ಇದೆ. ಫೋಟೊ ಮಾಸದ ಹಾಗೆ ತಡೆಯೋ ವಿದ್ಯೆನೂ ಗೊತ್ತಿತ್ತು. 2007ರಲ್ಲಿ ‘ಅಸ್ಟಾಲಿಫ್ಟ್’ ಅನ್ನೋ ಮುಖದ ಕ್ರೀಮ್ ಬಂತು! ಫಿಲ್ಮ್‌ನ ತಳಹಾಳೆ ಎಲ್‌ಸಿಡಿ ಪರದೆಗಳ ಒಳಗೆ ಸೇರ್ತು. ಇದು ಪುಕ್ಕಟೆ ಆಗಲಿಲ್ಲ. 2006ರಲ್ಲಿ ಸುಮಾರು 5,000 ಕೆಲಸ ಕಡಿತ ಅಂತ ಕಂಪನಿ ಹೇಳ್ತು. ಕೊಡಾಕ್ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕ್ತು.

ಬಿಕಾಂನಲ್ಲಿ ನಾವು ಬ್ಯಾಲೆನ್ಸ್ ಶೀಟ್ ಬರೀತಿದ್ವಿ. ಆಸ್ತಿ ಕಡೆ ಕಟ್ಟಡ, ಯಂತ್ರ, ದಾಸ್ತಾನು. ಕೆಲಸಗಾರರ ಕೈಲಿರೋ ವಿದ್ಯೆಗೆ ಅಲ್ಲಿ ಸಾಲೇ ಇಲ್ಲ. ಫೂಜಿಯನ್ನ ಉಳಿಸಿದ್ದು ಆ ಬರೆಯದ ಆಸ್ತಿ, ಜೊತೆಗೆ ಒಳ್ಳೆ ಕಾಲದಲ್ಲಿ ಕೂಡಿಟ್ಟ ದುಡ್ಡು. ಎರಡೂ ಬೇಕು.

ನಮ್ಮ ತಾಲೂಕುಗಳ ಸ್ಟುಡಿಯೋದವರೂ ರೀಲು ಬಿಟ್ಟು ಡಿಜಿಟಲ್‌ಗೆ, ಆಮೇಲೆ ಡ್ರೋನ್‌ಗೆ ಬಂದವರೇ. ಆದ್ರೆ ಹೊಸ ಕ್ಯಾಮೆರಾಗೆ ಪ್ರತಿಸಲ ಸಾಲ ಮಾಡೋರಿಗೆ ಫೂಜಿಯಂಥ ಕೂಡಿಟ್ಟ ಗಂಟು ಇರಲ್ಲ. ಅದಕ್ಕೇ ಮದುವೆ ಫೋಟೊಗೆ ಚೌಕಾಸಿ ಮಾಡೋವಾಗ ಇದೊಂದು ನೆನಪಿರಲಿ. ಮುಂದಿನ ಕಂತಲ್ಲಿ ಸಿಗೋಣ.