ಭಯೋತ್ಪಾದನೆ: ಒಮ್ಮತಕ್ಕೆ ಸಿಗದ ವ್ಯಾಖ್ಯೆ, ಒಂದೇ ಎನ್ನಲಾಗದ ಕಾರಣ

1934ರ ಅಕ್ಟೋಬರ್ 9ರಂದು ಫ್ರಾನ್ಸಿನ ಮಾರ್ಸೇಲ್ ನಗರದಲ್ಲಿ ಯುಗೊಸ್ಲಾವಿಯಾದ ದೊರೆ ಅಲೆಕ್ಸಾಂಡರನ ಕೊಲೆಯಾಯಿತು. ಅದೇ ಗುಂಡಿನ ಗದ್ದಲದಲ್ಲಿ ಫ್ರಾನ್ಸಿನ ವಿದೇಶಾಂಗ ಸಚಿವ ಲೂಯಿ ಬಾರ್ತೂ ಕೂಡ ಸತ್ತರು. ಸಂಚಿನ ಸೂತ್ರಧಾರರು ಇಟಲಿಯಲ್ಲಿದ್ದರು. ಇಟಲಿ ಅವರನ್ನು ಫ್ರಾನ್ಸಿಗೆ ಒಪ್ಪಿಸಲಿಲ್ಲ. ಈ ಪೇಚಿನಿಂದ ಹೊರಬರಲು ರಾಷ್ಟ್ರಸಂಘ 1937ರಲ್ಲಿ ಭಯೋತ್ಪಾದನೆ ತಡೆಗೆಂದೇ ಒಂದು ಅಂತರರಾಷ್ಟ್ರೀಯ ಒಪ್ಪಂದವನ್ನು ರೂಪಿಸಿತು. ಇಪ್ಪತ್ತಕ್ಕೂ ಹೆಚ್ಚು ದೇಶಗಳು ಸಹಿ ಹಾಕಿದರೂ ಅದನ್ನು ಅನುಮೋದಿಸಿದ್ದು ಒಂದೇ ಒಂದು ದೇಶ: ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತ. ಒಪ್ಪಂದ ಜಾರಿಗೆ ಬರಲೇ ಇಲ್ಲ.

ಭಾರತ ಸರ್ಕಾರಕ್ಕೆ ಈ ವಿಷಯ ಹೊಸದಾಗಿರಲಿಲ್ಲ. ಬಂಗಾಳದ ಕ್ರಾಂತಿಕಾರಿಗಳನ್ನು ಹತ್ತಿಕ್ಕಲು 1932ರಲ್ಲಿ ತಂದ ಕಾಯ್ದೆಯ ಹೆಸರಿನಲ್ಲೇ ಭಯೋತ್ಪಾದನೆ ಇತ್ತು. ಆ ಸರ್ಕಾರದ ಕಡತಗಳಲ್ಲಿ ಭಯೋತ್ಪಾದಕರಾಗಿದ್ದ ಹಲವರು ನಮ್ಮ ಪಠ್ಯಪುಸ್ತಕಗಳಲ್ಲಿ ಹುತಾತ್ಮರು. ಇಂದಿನವರೆಗೂ ಮುಗಿಯದ ವ್ಯಾಖ್ಯೆಯ ಜಗಳದ ಬೇರು ಇಲ್ಲಿದೆ.

ವಿಶ್ವಸಂಸ್ಥೆಯಲ್ಲಿ ಈ ಜಗಳ ಬಿರುಸಾದದ್ದು 1972ರಲ್ಲಿ. ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಸ್ರೇಲ್ ತಂಡದ 11 ಮಂದಿ ಹತರಾದ ಮೇಲೆ ವಿಷಯ ಮಹಾಸಭೆಗೆ ಬಂತು. ವಸಾಹತು ಆಳ್ವಿಕೆಯಿಂದ ಆಗಷ್ಟೇ ಹೊರಬಂದಿದ್ದ ದೇಶಗಳು ವಿಮೋಚನಾ ಹೋರಾಟಗಳನ್ನು ಈ ಪಟ್ಟಿಗೆ ಸೇರಿಸಕೂಡದು ಎಂದು ಹಟ ಹಿಡಿದವು. ಪಾಶ್ಚಾತ್ಯ ದೇಶಗಳು ಒಪ್ಪಲಿಲ್ಲ. ಈ ಒಡಕಿಗೆ ಒಂದು ನಿದರ್ಶನ: ನೆಲ್ಸನ್ ಮಂಡೇಲಾ ಅವರು ನೊಬೆಲ್ ಶಾಂತಿ ಪ್ರಶಸ್ತಿ ಪಡೆದು, ದಕ್ಷಿಣ ಆಫ್ರಿಕಾದ ಅಧ್ಯಕ್ಷರಾಗಿ, ಅಧಿಕಾರದಿಂದ ಇಳಿದ ಎಷ್ಟೋ ವರ್ಷಗಳ ಬಳಿಕವೂ, 2008ರವರೆಗೆ, ಅವರ ಹೆಸರು ಅಮೆರಿಕದ ಭಯೋತ್ಪಾದಕರ ನಿಗಾ ಪಟ್ಟಿಯಲ್ಲಿ ಉಳಿದಿತ್ತು.

ದಾರಿ ಕಾಣದ ರಾಷ್ಟ್ರಗಳು ಬಳಸುದಾರಿ ಹಿಡಿದವು. ಯಾರು ಭಯೋತ್ಪಾದಕರು ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಒಂದೊಂದೇ ಕೃತ್ಯಕ್ಕೆ ಒಂದೊಂದು ಒಪ್ಪಂದ ಮಾಡಿಕೊಂಡವು: ವಿಮಾನ ಅಪಹರಣಕ್ಕೆ 1970ರಲ್ಲಿ, ಒತ್ತೆಸೆರೆಗೆ 1979ರಲ್ಲಿ, ಬಾಂಬ್ ದಾಳಿಗೆ 1997ರಲ್ಲಿ, ಹಣಕಾಸಿನ ನೆರವಿಗೆ 1999ರಲ್ಲಿ. ಎಲ್ಲವನ್ನೂ ಒಳಗೊಳ್ಳುವ ಸಮಗ್ರ ಒಪ್ಪಂದದ ಪ್ರಸ್ತಾವವನ್ನು 1996ರಲ್ಲಿ ಮುಂದಿಟ್ಟದ್ದು ಸ್ವತಂತ್ರ ಭಾರತ. ವಿಮೋಚನಾ ಹೋರಾಟ ಮತ್ತು ಸರ್ಕಾರಿ ಸೇನೆಗಳ ಕೃತ್ಯ ಎಂಬ ಎರಡು ಗಂಟುಗಳಲ್ಲಿ ಸಿಕ್ಕಿಕೊಂಡ ಆ ಕರಡಿಗೆ ಇನ್ನೂ ಒಪ್ಪಿಗೆ ದೊರೆತಿಲ್ಲ.

ವಿದ್ವಾಂಸರ ಪ್ರವೇಶ

ರಾಜತಾಂತ್ರಿಕರು ಸೋತ ಜಾಗಕ್ಕೆ 1970ರ ದಶಕದಲ್ಲಿ ವಿದ್ವಾಂಸರು ಬಂದರು. ಅಮೆರಿಕದ ರ‍್ಯಾಂಡ್ ಸಂಸ್ಥೆಯ ಬ್ರಯಾನ್ ಜೆಂಕಿನ್ಸ್ ಭಯೋತ್ಪಾದನೆಯನ್ನು ರಂಗಪ್ರದರ್ಶನವೆಂದು ಕಂಡರು: ಸಾಯುವವರಿಗಿಂತ ನೋಡುವವರೇ ದಾಳಿಕೋರರಿಗೆ ಮುಖ್ಯ ಎಂಬುದು ಅವರ ವಾದ. ಇತಿಹಾಸಕಾರ ವಾಲ್ಟರ್ ಲಕರ್ 1977ರ ತಮ್ಮ ಗ್ರಂಥದಲ್ಲಿ ಎಲ್ಲಕ್ಕೂ ಹೊಂದುವ ವ್ಯಾಖ್ಯೆ ಸಾಧ್ಯವಿಲ್ಲ ಎಂದು ಕೈಚೆಲ್ಲಿದರು. ಡಚ್ ವಿದ್ವಾಂಸ ಅಲೆಕ್ಸ್ ಶ್ಮಿಡ್ ಮಾತ್ರ ಬಿಡಲಿಲ್ಲ. 1980ರ ದಶಕದಲ್ಲಿ ಅವರು 109 ವ್ಯಾಖ್ಯೆಗಳನ್ನು ಕಲೆಹಾಕಿ, ಅವುಗಳಲ್ಲಿ 22 ಅಂಶಗಳನ್ನು ಗುರುತಿಸಿದರು. ಹಿಂಸೆಯ ಉಲ್ಲೇಖ ಶೇ 83.5ರಷ್ಟು ವ್ಯಾಖ್ಯೆಗಳಲ್ಲಿತ್ತು, ರಾಜಕೀಯ ಉದ್ದೇಶದ್ದು ಶೇ 65ರಲ್ಲಿ, ಭಯದ್ದು ಶೇ 51ರಲ್ಲಿ. ಭಯೋತ್ಪಾದಕ ಕೃತ್ಯವೆಂದರೆ ಶಾಂತಿಕಾಲದಲ್ಲಿ ನಡೆಯುವ ಯುದ್ಧಾಪರಾಧ ಎಂಬ ಅವರ ನಂತರದ ಸೂತ್ರವನ್ನು ನಮ್ಮ ಸುಪ್ರೀಂ ಕೋರ್ಟ್ 2004ರ ಮದನ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ ಬಳಸಿಕೊಂಡಿತು. ಈ ಸೂತ್ರ ದಾಳಿ ಮಾಡಿದವನ ಧ್ಯೇಯವನ್ನು ಕೇಳುವುದಿಲ್ಲ, ಗುರಿಯಾದವರು ನಿರಾಯುಧ ನಾಗರಿಕರೇ ಎಂದು ಕೇಳುತ್ತದೆ.

ಕಾರಣಗಳ ಹುಡುಕಾಟ

ಜನ ಏಕೆ ದಂಗೆ ಏಳುತ್ತಾರೆ ಎಂಬ ಪ್ರಶ್ನೆಗೆ ರಾಜ್ಯಶಾಸ್ತ್ರಜ್ಞ ಟೆಡ್ ಗರ್ 1970ರಲ್ಲಿ ಕೊಟ್ಟ ಉತ್ತರ: ತಮಗೆ ಸಲ್ಲಬೇಕಾದದ್ದು ಸಲ್ಲುತ್ತಿಲ್ಲವೆಂಬ ಭಾವನೆ. ಆದರೆ ಹಾಗೆ ಭಾವಿಸುವ ಕೋಟ್ಯಂತರ ಜನರಲ್ಲಿ ಬಾಂಬ್ ಹಿಡಿಯುವವರು ಬೆರಳೆಣಿಕೆಯಷ್ಟು. ಮಾರ್ಥಾ ಕ್ರೆನ್‌ಶಾ 1981ರ ಲೇಖನದಲ್ಲಿ ಇದನ್ನು ಬಿಡಿಸಿ ನೋಡಿದರು. ಬಹುಕಾಲದಿಂದ ಅನುವು ಮಾಡಿಕೊಡುವ ಪರಿಸ್ಥಿತಿಗಳು ಒಂದು ಕಡೆ, ಆ ಗಳಿಗೆಯಲ್ಲಿ ಕಿಡಿ ಹೊತ್ತಿಸುವ ಘಟನೆಗಳು ಇನ್ನೊಂದು ಕಡೆ. ಇವೆರಡರ ನಡುವೆ ಲಾಭನಷ್ಟ ಲೆಕ್ಕ ಹಾಕುವ ಒಂದು ಸಂಘಟನೆ ಇರುತ್ತದೆ. ಭಯೋತ್ಪಾದನೆ ಹುಚ್ಚರ ಕೆಲಸವಲ್ಲ ಎಂದು ಅವರು ತೋರಿಸಿದರು.

ಡೇವಿಡ್ ರ‍್ಯಾಪಪೋರ್ಟ್ ಆಧುನಿಕ ಭಯೋತ್ಪಾದನೆಯ ಚರಿತ್ರೆಯನ್ನು ನಾಲ್ಕು ಅಲೆಗಳಾಗಿ ವಿಂಗಡಿಸಿದರು. 1880ರ ಸುಮಾರಿಗೆ ರಷ್ಯಾದಲ್ಲಿ ಎದ್ದ ಅರಾಜಕತಾವಾದಿ ಅಲೆ, 1920ರ ದಶಕದ ವಸಾಹತು ವಿರೋಧಿ ಅಲೆ, 1960ರ ದಶಕದ ಎಡಪಂಥೀಯ ಅಲೆ, 1979ರಿಂದ ಮೊದಲ್ಗೊಂಡ ಧಾರ್ಮಿಕ ಅಲೆ. ಇಂದು ಧರ್ಮದ ಹೆಸರಿನಲ್ಲಿ ಕಾಣುವುದನ್ನು ಭಯೋತ್ಪಾದನೆಯ ಸಹಜ ರೂಪವೆಂದು ತಿಳಿಯುವವರಿಗೆ ಈ ವಿಂಗಡಣೆ ಒಳ್ಳೆಯ ಮದ್ದು.

2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಸುಮಾರು 3,000 ಮಂದಿ ಸತ್ತ ಮೇಲೆ ಈ ಕ್ಷೇತ್ರಕ್ಕೆ ಹಣ, ಹೊಸಬರು, ಅಂಕಿಅಂಶ ಎಲ್ಲವೂ ಹರಿದು ಬಂದವು. ಬಡತನವೇ ಮೂಲ ಎಂಬ ಜನಪ್ರಿಯ ನಂಬಿಕೆಯನ್ನು 2003ರಲ್ಲಿ ಅಲನ್ ಕ್ರೂಗರ್ ಮತ್ತು ಯಿಟ್ಕಾ ಮಲೆಚ್ಕೊವಾ ಪರೀಕ್ಷಿಸಿದರು. ಬಡತನ, ಅನಕ್ಷರತೆಗಳಿಗೂ ಭಯೋತ್ಪಾದನೆಗೂ ನೇರ ನಂಟು ಸಿಗಲಿಲ್ಲ. ಮಾರ್ಕ್ ಸೇಜ್‌ಮನ್ 2004ರಲ್ಲಿ 172 ಜಿಹಾದಿಗಳ ಜೀವನವಿವರ ಕೆದಕಿದಾಗ, ಹೆಚ್ಚಿನವರನ್ನು ಒಳಗೆಳೆದದ್ದು ಗೆಳೆತನ ಮತ್ತು ನೆಂಟಸ್ತಿಕೆ ಎಂದು ಕಂಡಿತು. 1980ರಿಂದ 2003ರವರೆಗಿನ 315 ಆತ್ಮಾಹುತಿ ದಾಳಿಗಳನ್ನು ಅಭ್ಯಸಿಸಿದ ರಾಬರ್ಟ್ ಪೇಪ್, ಪರಕೀಯ ಸೇನೆಯನ್ನು ತಮ್ಮ ನೆಲದಿಂದ ಹೊರಹಾಕುವುದೇ ದಾಳಿಕೋರರ ಮುಖ್ಯ ಗುರಿ ಎಂದರು. ಅವರ ಪಟ್ಟಿಯಲ್ಲಿ ಮೇಲಿದ್ದದ್ದು ಧಾರ್ಮಿಕ ಗುಂಪಲ್ಲ, ಶ್ರೀಲಂಕಾದ ತಮಿಳು ಪ್ರತ್ಯೇಕತಾವಾದಿ ಸಂಘಟನೆ ಎಲ್‌ಟಿಟಿಇ. 1991ರಲ್ಲಿ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ಅವರನ್ನು ಕೊಂದದ್ದು ಅದರ ಮಾನವ ಬಾಂಬ್. ಪೇಪ್ ವಾದಕ್ಕೂ ಆಕ್ಷೇಪ ಬಂತು: ದಾಳಿ ನಡೆದ ಕಡೆ ಮಾತ್ರ ನೋಡಿದರೆ, ಪರಸೇನೆ ಇದ್ದೂ ದಾಳಿ ನಡೆಯದ ದೇಶಗಳ ಲೆಕ್ಕ ಎಲ್ಲಿ?

ಪರಿಣಾಮ, ಪ್ರತಿಕ್ರಿಯೆ

ಭಯೋತ್ಪಾದನೆ ತನ್ನ ಗುರಿ ಮುಟ್ಟುವುದು ಅಪರೂಪ. ಮ್ಯಾಕ್ಸ್ ಅಬ್ರಾಮ್ಸ್ 2006ರಲ್ಲಿ 28 ಸಂಘಟನೆಗಳನ್ನು ಪರಿಶೀಲಿಸಿದಾಗ ಅವುಗಳ ರಾಜಕೀಯ ಬೇಡಿಕೆಗಳಲ್ಲಿ ಶೇ 7ರಷ್ಟು ಮಾತ್ರ ಈಡೇರಿದ್ದವು. ಹಾಗೆಂದು ಹಾನಿ ಸಣ್ಣದಲ್ಲ. ಸ್ಪೇನಿನ ಬಾಸ್ಕ್ ಪ್ರಾಂತ್ಯದ ತಲಾ ಉತ್ಪನ್ನ ಹಿಂಸೆಯಿಂದಾಗಿ ಸುಮಾರು ಶೇ 10ರಷ್ಟು ಕುಗ್ಗಿತೆಂದು 2003ರ ಅಧ್ಯಯನವೊಂದು ಅಂದಾಜಿಸಿತು. ಭಯದ ಹಾನಿ ಬೇರೆಯೇ. ಸೆಪ್ಟೆಂಬರ್ 11ರ ಬಳಿಕ ಅಮೆರಿಕನ್ನರು ವಿಮಾನ ಬಿಟ್ಟು ಕಾರು ಹತ್ತಿದ್ದರಿಂದ ಮುಂದಿನ ಹನ್ನೆರಡು ತಿಂಗಳಲ್ಲಿ ರಸ್ತೆಗಳಲ್ಲಿ ಸುಮಾರು 1,500 ಸಾವು ಹೆಚ್ಚಾಯಿತೆಂದು ಮನೋವಿಜ್ಞಾನಿ ಗೆರ್ಡ್ ಗಿಗರೆಂಜರ್ ಲೆಕ್ಕ ಹಾಕಿದರು.

ಇದು ಕೊನೆಯಾಗುವುದು ಹೇಗೆ? ರ‍್ಯಾಂಡ್ ಸಂಸ್ಥೆ 2008ರಲ್ಲಿ, ತಮ್ಮ ಹಿಂಸಾಚಾರ ನಿಲ್ಲಿಸಿದ ಗುಂಪುಗಳ ಕತೆಯನ್ನು ವಿಶ್ಲೇಷಿಸಿತು. ಶೇ 43ರಷ್ಟು ಗುಂಪುಗಳು ರಾಜಕೀಯ ಪ್ರಕ್ರಿಯೆಯೊಳಗೆ ಬಂದವು, ಶೇ 40ರಷ್ಟನ್ನು ಪೊಲೀಸರು ಮತ್ತು ಗುಪ್ತಚರರು ಮುರಿದರು, ಶೇ 10ರಷ್ಟು ಗೆದ್ದವು. ಸೇನೆಯ ಬಲಕ್ಕೆ ಮಣಿದವು ಶೇ 7 ಮಾತ್ರ. 2009ರಲ್ಲಿ ಎಲ್‌ಟಿಟಿಇ ಸೇನಾ ಕಾರ್ಯಾಚರಣೆಯಲ್ಲಿ ನಿರ್ನಾಮವಾದದ್ದು ಈ ಹಿನ್ನೆಲೆಯಲ್ಲಿ ಅಪವಾದ.

ಈ ಕ್ಷೇತ್ರಕ್ಕೆ ಒಳಗಿನಿಂದಲೇ ಟೀಕೆಯೂ ಇದೆ. ಸರ್ಕಾರಗಳ ಹಣದಲ್ಲಿ ನಡೆಯುವ ಅಧ್ಯಯನ ಸರ್ಕಾರಗಳ ಹಿಂಸೆಯನ್ನು ನೋಡುವುದೇ ಇಲ್ಲ ಎಂದು ರಿಚರ್ಡ್ ಜಾಕ್ಸನ್ ಮತ್ತು ಸಂಗಡಿಗರು ಆಕ್ಷೇಪಿಸಿ, 2008ರಲ್ಲಿ ತಮ್ಮದೇ ಪತ್ರಿಕೆ ಆರಂಭಿಸಿದರು. ಸರ್ಕಾರದ ಗುಪ್ತ ಮಾಹಿತಿ ವಿದ್ವಾಂಸರಿಗೆ ಸಿಗದೆ ಅಧ್ಯಯನ ನಿಂತ ನೀರಾಗಿದೆ ಎಂದು 2014ರಲ್ಲಿ ಬರೆದವರು ಸ್ವತಃ ಸೇಜ್‌ಮನ್.

ಹಾಗಾದರೆ ವ್ಯಾಖ್ಯೆಯ ಚರ್ಚೆ ಬರೀ ಪಂಡಿತರ ಕಸರತ್ತೇ? ಭಯೋತ್ಪಾದನೆ ತಡೆಗೆಂದು ಭಾರತ ತಂದಿದ್ದ, ಸಡಿಲ ವ್ಯಾಖ್ಯೆಯ ಟಾಡಾ ಕಾಯ್ದೆಯ ಅನುಭವ ಬೇರೆ ಹೇಳುತ್ತದೆ. ಕಾಡುಗಳ್ಳ ವೀರಪ್ಪನ್ ಬೇಟೆಯ ಕಾಲದಲ್ಲಿ ಕರ್ನಾಟಕ–ತಮಿಳುನಾಡು ಗಡಿಕಾಡಿನ ಹಳ್ಳಿಗರನೇಕರು ಆ ಕಾಯ್ದೆಯಡಿ ವರ್ಷಗಟ್ಟಲೆ ಮೈಸೂರಿನ ಜೈಲಿನಲ್ಲಿದ್ದರು. 2001ರಲ್ಲಿ ಅವರಲ್ಲಿ ಬಹುಪಾಲು ಮಂದಿ ಖುಲಾಸೆಯಾದರು. ಟಾಡಾ 1995ರಲ್ಲೇ ಕೊನೆಗೊಂಡಿತ್ತು. ಬಳಿಕ ಬಂದ ಅಂಥದೇ ಕಾಯ್ದೆ ಪೋಟಾ 2004ರಲ್ಲಿ ರದ್ದಾಯಿತು. ಅದರ ಜಾಗ ತುಂಬಿದ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಗೆ (ಯುಎಪಿಎ) 2008ರಲ್ಲಿ, ಮುಂಬೈ ದಾಳಿಯ ಬೆನ್ನಲ್ಲೇ, ಇನ್ನಷ್ಟು ಹಲ್ಲು ಬಂತು. 2019ರಿಂದ ವ್ಯಕ್ತಿಯೊಬ್ಬರನ್ನು ವಿಚಾರಣೆಗೂ ಮುನ್ನವೇ ಭಯೋತ್ಪಾದಕರೆಂದು ಘೋಷಿಸಬಹುದು. ನಾಗರಿಕರ ಮೇಲಿನ ದಾಳಿಯನ್ನು ಯಾವ ಧ್ಯೇಯದ ಹೆಸರಿನಲ್ಲೂ ಸಮರ್ಥಿಸಲಾಗದು. ಆದ್ದರಿಂದಲೇ ಭಯೋತ್ಪಾದನೆ ಎಂಬ ಆರೋಪ ಅಂಥ ದಾಳಿಗಷ್ಟೇ ಮೀಸಲಿರಬೇಕು. ಜಗತ್ತಿಗೆ ಸಮಗ್ರ ವ್ಯಾಖ್ಯೆ ಬೇಕೆಂದು ಮೂರು ದಶಕಗಳಿಂದ ವಾದಿಸುತ್ತಿರುವ ದೇಶ, ಮೊದಲು ತನ್ನ ಕಾಯ್ದೆಯ ವ್ಯಾಖ್ಯೆಯನ್ನು ಬಿಗಿಗೊಳಿಸಲಿ.