ಪಹಣಿಯ 11ನೇ ಕಾಲಂ

ಮದ್ದೂರು ತಾಲ್ಲೂಕಿನ ಕೊಪ್ಪದಲ್ಲಿ ಬೇಸಾಯದ ಮಾತು ಬಂದರೆ ಕಬ್ಬಿನ ಮಾತು ಬಂದಂತೆಯೇ. ಸಕ್ಕರೆ ಕಾರ್ಖಾನೆಯೂ ಊರ ಮಗ್ಗುಲಲ್ಲೇ ಇದೆ. ಇಂಥ ಸೀಮೆಯ ಹುಡುಗಿಯೊಬ್ಬಳಿಗೆ ಅಮೆರಿಕದಲ್ಲಿ ಎಂಎಸ್ ಸೀಟು ಸಿಕ್ಕಿ, ‘ಹಣಕಾಸಿನ ಅಡಚಣೆಯಿಂದ ಸೇರಲಾಗುತ್ತಿಲ್ಲ, ಮನ್ನಿಸಬೇಕು’ ಎಂದು ಬರೆಯಬೇಕಾಗಿ ಬಂದರೆ, ಆ ಕಾಗದದ ಹಿಂದೆ ನೂರು ವರ್ಷಕ್ಕೂ ಮೀರಿದ ಚರಿತ್ರೆ ಇರುತ್ತದೆ.

ಅದು ವಿಶ್ವೇಶ್ವರಯ್ಯನವರಿಂದಲೇ ಶುರು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು 1881ರಲ್ಲಿ ಬಿಎ ಮುಗಿಸಿದರು. ಮುಂದೆ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಲು ಕೈಯಲ್ಲಿ ಕಾಸಿರಲಿಲ್ಲ. ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟು ಕಳಿಸಿತು. ಆ ನೆರವು ಇಲ್ಲದಿದ್ದರೆ ಅವರೂ ‘ಬರಲಾಗದು’ ಎನ್ನಬೇಕಿತ್ತು. ಅದೇ ಹುಡುಗ ಬೆಳೆದು ಕನ್ನಂಬಾಡಿ ಕಟ್ಟೆಗೆ ದುಡಿದರು. ಇಂದು ಅವರದೇ ಹೆಸರು ಹೊತ್ತಿರುವ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿಗೆ ನೀರು ತಂದಿತು. ರಾಗಿ ಹೊಲ ಗದ್ದೆಯಾಯಿತು.

ಗದ್ದೆಯಿದ್ದವರಿಗೆ ಸಾಲಕ್ಕೇನು ಕೊರತೆ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಪಹಣಿ ಬಿಡಿಸಿ ನೋಡಿ. ಸರ್ವೆ ನಂಬರು, ಎಕರೆ, ಗುಂಟೆ ಎಲ್ಲ ದಾಟಿದ ಮೇಲೆ 11ನೇ ಕಾಲಂ: ಋಣಗಳು. ಬೆಳೆಸಾಲ ಅಲ್ಲಿ ಮೊದಲೇ ಕೂತಿರುತ್ತದೆ. ಕೂತಿರದಿದ್ದರೂ ಅಷ್ಟೆ. ಬ್ಯಾಂಕುಗಳು ಅಡವಿನ ಆಸ್ತಿಯನ್ನು ನೇರವಾಗಿ ಹರಾಜು ಹಾಕಲು ಅವಕಾಶ ಕೊಟ್ಟ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನನ್ನು ಹೊರಗಿಟ್ಟಿದೆ. ರೈತನ ನೆಲ ಉಳಿಯಲೆಂದು ಮಾಡಿದ ಈ ಏರ್ಪಾಡು ಸರಿಯಾದದ್ದೇ. ಆದರೆ ಇದೇ ಕಾರಣಕ್ಕೆ ದೊಡ್ಡ ಮೊತ್ತದ ಶಿಕ್ಷಣ ಸಾಲಕ್ಕೆ ಗದ್ದೆಯನ್ನು ಭದ್ರತೆಯಾಗಿ ಒಪ್ಪಲು ಬ್ಯಾಂಕುಗಳು ಹಿಂಜರಿಯುತ್ತವೆ. ಪೇಟೆಯ ಸೈಟು, ಮನೆ ಇದ್ದರೆ ತನ್ನಿ ಎನ್ನುತ್ತವೆ.

ಇನ್ನು ಕಾಲದ ಲೆಕ್ಕ. ನೆರವಿನ ಸಮೇತ ಸೀಟು ಸಿಕ್ಕಿದ್ದರೆ ಅಮೆರಿಕದ ಬಹುಪಾಲು ವಿಶ್ವವಿದ್ಯಾಲಯಗಳಿಗೆ ಏಪ್ರಿಲ್ 15ರೊಳಗೆ ಉತ್ತರ ಹೇಳಬೇಕು. ವೀಸಾಕ್ಕೆ ಬೇಕಾದ ಐ-20 ಪತ್ರ ಕೈಸೇರಲು ಮೊದಲ ವರ್ಷದ ಖರ್ಚಿಗೆ ಹಣವಿದೆಯೆಂದು ತೋರಿಸಬೇಕು. ಆದರೆ ಮಂಡ್ಯದ ಕಡೆ ಕಬ್ಬು ಅರೆಯುವುದು ಸಾಮಾನ್ಯವಾಗಿ ಶುರುವಾಗುವುದೇ ಮುಂಗಾರು ಹಿಡಿದ ಮೇಲೆ. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೂ ಬಾಕಿ ಕೇಳಿಕೊಂಡು ಇಲ್ಲಿನ ರೈತರು ಬೀದಿಗಿಳಿದದ್ದು ಒಂದೆರಡು ಸಲವಲ್ಲ.

ಹಾಗಾಗಿ ಈ ‘ಆಗುವುದಿಲ್ಲ’ ಎಂಬ ಕಾಗದವನ್ನು ಸೋಲೆಂದು ಓದಬಾರದು. 1917ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಮುಗಿದು ಅಂಬೇಡ್ಕರ್ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬಂದರು. ಬರುವಾಗ ನಾಲ್ಕು ವರ್ಷದೊಳಗೆ ಮರಳಿ ಮುಂದುವರಿಸಲು ಅನುಮತಿ ಪಡೆದೇ ಬಂದರು. ಮುಂಬಯಿಯಲ್ಲಿ ಪಾಠ ಹೇಳಿ ಹಣ ಕೂಡಿಸಿ, ಕೊಲ್ಹಾಪುರದ ಶಾಹು ಮಹಾರಾಜರ ನೆರವೂ ಸೇರಿ, 1920ರಲ್ಲಿ ಮತ್ತೆ ಹಡಗು ಹತ್ತಿದರು. 1923ರಲ್ಲಿ ಡಿಎಸ್‌ಸಿ ಪದವಿ ಬಂತು.

ಪ್ರವೇಶವನ್ನು ಒಂದು ವರ್ಷ ಮುಂದೂಡುವ ಅವಕಾಶವನ್ನು ಎಷ್ಟೋ ವಿಶ್ವವಿದ್ಯಾಲಯಗಳು ಈಗಲೂ ಕೊಡುತ್ತವೆ. ಕೊಪ್ಪದ ಹುಡುಗಿ ಕ್ಷಮೆ ಕೇಳಿ, ವಂದನೆ ಹೇಳಿ, ರುಜು ಹಾಕುವ ಮುನ್ನ ಅದನ್ನೂ ಒಂದು ಸಾಲಿನಲ್ಲಿ ಕೇಳಲಿ.